ಐಡಿಇ, ಸ್ಕಜಿ, ಸಾಟಾ ಮತ್ತು ನನ್ನ ದೋಸ್ತನ ದನಿ

ಸೇಡಂನಿಂದ ಚಿಂಚೋಳಿಯವರೆಗೆ ಹಾರ್ಡ್ ಡಿಸ್ಕಿನ ವಿಷಯದಲ್ಲಿ ನನ್ನಷ್ಟು ತಿಳಿದವನು ಇನ್ನೊಬ್ಬನಿಲ್ಲ. ಇದನ್ನು ನಾನೇ ಹೇಳಬೇಕಾಗಿದೆ, ಯಾಕೆಂದರೆ ಬೇರೆ ಯಾರೂ ಹೇಳುವುದಿಲ್ಲ. ವಾಡಿಯ ಒಂದು ಸಿಮೆಂಟ್ ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿ ತಲೆ ಬೆಳ್ಳಗಾಗುವ ತನಕ ಕೆಲಸ ಮಾಡಿದವನು ನಾನು. ಹೊರಗೆ ಎಲ್ಲರ ತಲೆ ಧೂಳಿನಿಂದ ಬೆಳ್ಳಗಾಗುತ್ತಿತ್ತು. ನನ್ನದೊಂದೇ ಏಸಿಯಲ್ಲಿ ಕುಳಿತು, ಬರೀ ಜ್ಞಾನದಿಂದ ಬೆಳ್ಳಗಾಯಿತು. ಇಂಥ ನನ್ನನ್ನು ಅಂಗೈಯಗಲದ ಒಂದು ಹಳೆಯ ಡಿಸ್ಕು ಈ ವರ್ಷ ಅಳಿಸಿಬಿಟ್ಟಿತು.

ಡಿಸ್ಕು ನನ್ನದಲ್ಲ, ನನ್ನ ದೋಸ್ತನದು. ಚಿತ್ತಾಪುರದ ಬಜಾರದಲ್ಲಿ ಅವನ ಫೋಟೋ ಸ್ಟುಡಿಯೋ ಇತ್ತು. ಮದುವೆಯ ಫೋಟೋಗಳು ಅವನ ಹೊಟ್ಟೆ ತುಂಬಿಸಿದವು, ಆದರೆ ಹೆಸರು ತಂದದ್ದು ಅವನ ದನಿ. ಆಟೋದ ತಲೆಗೆ ಮೈಕು ಕಟ್ಟಿಕೊಂಡು ಊರೂರು ಸುತ್ತುವ ಪ್ರಚಾರದ ದನಿ ಇರುತ್ತದಲ್ಲ, ಸೀರೆ ಸೇಲು, ಸರ್ಕಸ್ಸು, ಪೋಲಿಯೊ ಹನಿ, ಕಳೆದುಹೋದ ಎಮ್ಮೆ, ಅದೆಲ್ಲ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ ಅವನದೇ ಆಗಿತ್ತು. ಶಹಾಬಾದಿನ ಖಣಿಗಳಲ್ಲಿ ಫರಸಿಕಲ್ಲು ಎಬ್ಬಿಸುವವರು ಸುತ್ತಿಗೆ ನಿಲ್ಲಿಸಿ ಕೇಳುತ್ತಿದ್ದರು. ಸ್ಟುಡಿಯೋದ ಹಿಂದಿನ ಕೋಣೆಯ ಗೋಡೆಗಳಿಗೆ ರಜಾಯಿ ಹೊದಿಸಿ, ಕಂಪ್ಯೂಟರಿನಲ್ಲಿ ತನ್ನ ದನಿ ಹಿಡಿದು, ಆಟೋದವರಿಗೆ ಸಿಡಿಗೆ ತುಂಬಿ ಕೊಡುತ್ತಿದ್ದ. ಆ ಸಿಡಿಗಳೆಲ್ಲ ಆಮೇಲೆ ಹಕ್ಕಿ ಬೆದರಿಸಲು ತೊಗರಿ ಹೊಲಗಳಲ್ಲಿ ದಾರ ಕಟ್ಟಿಸಿಕೊಂಡು ತೂಗಿದವು. ಇಷ್ಟು ಊರಿಗೆ ಗೊತ್ತಿದ್ದ ದನಿಯನ್ನು ಯಾರೂ ಎತ್ತಿಟ್ಟುಕೊಳ್ಳಲಿಲ್ಲ. ನಾಳೆಯೂ ಕೇಳುತ್ತದೆ ಎಂದೇ ಎಲ್ಲರೂ ತಿಳಿದಿದ್ದರು.

ಹೋದ ವರ್ಷ ಗಂಟಲಿನ ರೋಗಕ್ಕೆ ಆಪರೇಷನ್ ಆಗಿ ಅವನ ದನಿಪೆಟ್ಟಿಗೆಯನ್ನೇ ತೆಗೆದರು. ಕುತ್ತಿಗೆಯ ಬುಡದಲ್ಲಿ ಒಂದು ತೂತು ಮಾಡಿದ್ದಾರೆ. ಉಸಿರಾಟವೆಲ್ಲ ಅಲ್ಲಿಂದಲೇ. ಧೂಳು ಹೋಗದಂತೆ ಅದರ ಮುಂದೆ ತೆಳು ಬಟ್ಟೆ ಕಟ್ಟಿಕೊಳ್ಳುತ್ತಾನೆ. ಆಸ್ಪತ್ರೆಯವರು ಒಂದು ಉಪಾಯ ಹೇಳಿಕೊಟ್ಟರು: ಫೋನಿನಲ್ಲಿ ಟೈಪ್ ಮಾಡಿದರೆ ಫೋನು ಅದನ್ನು ಓದಿ ಹೇಳುತ್ತದೆ. ಹೇಳುತ್ತದೆ ನಿಜ, ಆದರೆ ಹೇಳುವವಳು ಬೆಂಗಳೂರಿನ ಕಡೆಯ, ಬಹಳ ಓದಿದ ಒಬ್ಬ ಹೆಣ್ಣುಮಗಳು.

ನಾನು ನೋಡಲು ಹೋದ ದಿನ ಅವನ ಹೆಂಡತಿ, ನಮ್ಮ ಭಾಭಿ, ಬಾಗಿಲಲ್ಲೇ ಹಿಡಿದುಕೊಂಡರು.

"ಭೈಯಾ, ಫೋನಿನ್ಯಾಗಿನ ಈ ಹೆಣ್ಮಗಳು ಯಾರು ಅಂತ ನೀವರ ಹೇಳ್ರಿ. ಮುಂಜಾನೆ ಎದ್ದ ಕೂಡ್ಲೇ 'ದಯವಿಟ್ಟು ಚಹಾ ನೀಡಿ' ಅಂತಾಳ. ನಾ ಚಹಾ ಕೊಡೂದು ಇವರಿಗೋ ಆಕಿಗೋ?"

"ಆಕಿಗೇ ಕೊಡ್ರಿ ಭಾಭಿ. ಈ ವಯಸ್ಸಿನ್ಯಾಗ ಇವಗ ಎರಡನೇದಾಕಿ ಸಿಕ್ಕಾಳ, ಭಾಳ ನಸೀಬದಾಂವ," ಎಂದೆ.

ನಾವಿಬ್ಬರೂ ನಕ್ಕೆವು. ದೋಸ್ತ ನಗಲಿಲ್ಲ. ಫೋನನ್ನು ಹಾಸಿಗೆಯ ಮೂಲೆಗೆ ಎಸೆದು ಗೋಡೆಯ ಕಡೆ ಮುಖ ಮಾಡಿದ. ಅಂದಿನಿಂದ ಅವನು ಫೋನು ಮುಟ್ಟಲಿಲ್ಲ. ಕೈಸನ್ನೆಯೂ ಕಡಿಮೆಯಾಯಿತು. ನೀರು ಬೇಕಾದರೆ ತಾನೇ ಎದ್ದು ಕುಡಿಯುತ್ತಿದ್ದ, ಬೇಡವಾದರೆ ಹಾಗೇ ಕೂತಿರುತ್ತಿದ್ದ. ಭಾಭಿ ಒಂದು ದಿನ ಅಡುಗೆಮನೆಯಿಂದ ನನಗೆ ಫೋನು ಮಾಡಿ ಮೆಲ್ಲಗೆ ಹೇಳಿದರು: "ಭೈಯಾ, ಅವರು ನನ್ನ ಕೂಡ ಬಾಯಿಲೆ ಮಾತಾಡೂದು ಹೋಯ್ತು, ಆ ಮಾತು ಬ್ಯಾರೆ. ಈಗ ಕಣ್ಣಿಲೆ ಮಾತಾಡೂದೂ ಬಿಟ್ಟಾರ."

ನಾನು ಸೇಡಂಗೆ ಓಡಿದೆ. ಅಲ್ಲಿ ಕಂಪ್ಯೂಟರ್ ಅಂಗಡಿ ನಡೆಸುವ ಒಬ್ಬ ಹೆಣ್ಣುಮಗಳು ನನಗೆ ಗೊತ್ತು. ನನ್ನ ಬಡಾಯಿಯನ್ನು ಕೇಳಿಯೂ ಕೇಳದವಳಂತೆ ಕೆಲಸ ಮುಂದುವರಿಸುವ ಜಾಣೆ.

"ಕಾಕಾ, ಅವರ ಹಳೇ ರೆಕಾರ್ಡಿಂಗ್ ಇದ್ರ ತರ್ರಿ," ಎಂದಳು. "ಸ್ವಲ್ಪಿದ್ರೂ ನಡೀತದ. ಫೋನಿಗಿ ಆ ದನಿ ಕಲಿಸ್ಬಹುದು. ಆಮ್ಯಾಲ ಅವರು ಟೈಪ್ ಮಾಡಿದ್ದೆಲ್ಲ ಅವರ ದನ್ಯಾಗೇ ಬರ್ತದ."

ಈ ಮಾತನ್ನು ದೋಸ್ತನಿಗೆ ಹೇಳಿದಾಗ ಅವನು ಎದ್ದು ಕುಳಿತ. ನನ್ನನ್ನು ನೋಡಿದ, ಮೇಲೆ ಅಟ್ಟವನ್ನು ನೋಡಿದ. ಭಾಭಿ ಅಲ್ಲಿಂದ ಒಂದು ಗೋಣಿಚೀಲ ಇಳಿಸಿದರು. ಸ್ಟುಡಿಯೋ ಮುಚ್ಚಿದಾಗ ಕಟ್ಟಿಟ್ಟದ್ದು. ಒಳಗೆ ಮೂರು ಡಿಸ್ಕುಗಳಿದ್ದವು, ಮೂರೂ ಬೇರೆ ಬೇರೆ ಜಾತಿ.

ಇಲ್ಲಿ ನಾನು ಸ್ವಲ್ಪ ಪಾಠ ಹೇಳಲೇಬೇಕು. ಹಾರ್ಡ್ ಡಿಸ್ಕಿನ ಹೊಟ್ಟೆ ಎಲ್ಲವುಗಳದೂ ಒಂದೇ. ಕನ್ನಡಿಯಂಥ ತಟ್ಟೆಗಳು ಗಿರಗಿರ ತಿರುಗುತ್ತವೆ, ಕೂದಲಿನಷ್ಟೂ ಅಂತರವಿಲ್ಲದೆ ಒಂದು ಸೂಜಿ ಅವುಗಳ ಮೇಲೆ ತೇಲುತ್ತ ಓದುತ್ತದೆ. ಬೇರೆಯಾಗುವುದು ಬಾಯಿ. ಕಂಪ್ಯೂಟರಿನ ಜೊತೆ ಯಾವ ತಂತಿಯಲ್ಲಿ, ಯಾವ ರೀತಿಯಲ್ಲಿ ಮಾತಾಡಬೇಕು ಎನ್ನುವುದಕ್ಕೆ ಕಂಪನಿಗಳು ಬೇರೆ ಬೇರೆ ಪದ್ಧತಿ ಮಾಡಿಕೊಂಡು ವರ್ಷಗಟ್ಟಲೆ ಪೈಪೋಟಿ ನಡೆಸಿದವು. ಐಡಿಇ ಎಂಬುದು ಬಡವರ ಮನೆಯ ಪದ್ಧತಿ. ಪಟ್ಟಿಯಂತೆ ಅಗಲವಾದ ತಂತಿ, ಎರಡು ಸಾಲು ಪಿನ್ನು. ಒಂದು ತಂತಿಗೆ ಎರಡೇ ಡಿಸ್ಕು. ಒಂದು ಯಜಮಾನ, ಇನ್ನೊಂದು ಆಳು. ಯಾರು ಯಾರೆಂದು ತಿಳಿಸಲು ಜಂಪರ್ ಎಂಬ ಅಕ್ಕಿಕಾಳಿನಷ್ಟು ಟೊಪ್ಪಿಗೆಯನ್ನು ಪಿನ್ನಿಗೆ ತೊಡಿಸಬೇಕು. ಇಬ್ಬರಿಗೂ ಯಜಮಾನನ ಟೊಪ್ಪಿಗೆ ಬಿದ್ದರೆ ಕೆಲಸ ಕೆಟ್ಟಿತು.

ಸ್ಕಜಿ ಹಾಗಲ್ಲ. ಅದು ಕಾರ್ಖಾನೆಯ, ಬ್ಯಾಂಕಿನ, ಅಂದರೆ ನನ್ನಂಥವರ ಪದ್ಧತಿ. ಒಂದೇ ತಂತಿಗೆ ಏಳು ಸಾಮಾನು ಜೋಡಿಸಿದರೂ ಒಂದಕ್ಕೊಂದು ಜಗಳವಿಲ್ಲ, ಎಲ್ಲಕ್ಕೂ ಒಂದೊಂದು ನಂಬರು. ಕಂಪ್ಯೂಟರಿನ ತಲೆ ತಿನ್ನದೆ ತನ್ನ ಕೆಲಸ ತಾನೇ ನೋಡಿಕೊಳ್ಳುತ್ತದೆ. ಆದರೆ ಅದಕ್ಕೆ ಬೇರೆ ಕಾರ್ಡು ಬೇಕು, ಮತ್ತು ತಂತಿಯ ಕೊನೆಯನ್ನು ಬಂದ್ ಮಾಡಬೇಕು. ಮಾಡದಿದ್ದರೆ ಹೋದ ಸಂಕೇತ ಕೊನೆಗೆ ಬಡಿದು ಬಾವಿಯಲ್ಲಿ ಕೂಗಿದ ಹಾಗೆ ತಿರುಗಿ ಬರುತ್ತದೆ, ಎಲ್ಲ ಗೊಂದಲ. ಸಾಟಾ ಎಂಬುದು ಇವೆರಡರ ನಂತರ ಬಂದದ್ದು. ಬೆರಳಗಲದ ತಂತಿ, ಒಂದು ಡಿಸ್ಕಿಗೆ ಒಂದು, ಟೊಪ್ಪಿಗೆ ಇಲ್ಲ, ನಂಬರು ಇಲ್ಲ. ಅದು ಬಂದ ಮೇಲೆ ನನ್ನಂಥವರ ಮರ್ಯಾದೆಯೂ ಹೋಯಿತು, ಯಾರು ಬೇಕಾದರೂ ಜೋಡಿಸತೊಡಗಿದರು.

ದೋಸ್ತ ಐಡಿಇ ಪಕ್ಷ, ನಾನು ಸ್ಕಜಿ ಪಕ್ಷ. ವಾಡಿ ಸ್ಟೇಷನ್ನಿನ ಚಹಾದಂಗಡಿಯ ಮುಂದೆ ನಿಂತು ಗಾಡಿ ತಪ್ಪಿಸಿಕೊಳ್ಳುವಷ್ಟು ಜಗಳವಾಡಿದ್ದೇವೆ.

"ನಿನ್ನ ಸ್ಕಜಿ ಅಂದ್ರ ನವಾಬ್ ಇದ್ದಂಗ. ಕುಂದ್ರಲಿಕ್ಕ ಬ್ಯಾರೆ ಗಾದಿ, ಹಿಂದ ಮುಂದ ಒಬ್ಬ ಆಳು. ನನ್ನ ಐಡಿಇ ಎಲ್ಲಿ ಬೇಕಾದ್ರೂ ಕುಂದರ್ತದ," ಎನ್ನುತ್ತಿದ್ದ.

"ಕುಂದರ್ತದ, ಏಳೂದೇ ತಡಾ," ಎನ್ನುತ್ತಿದ್ದೆ ನಾನು.

ಐಡಿಇಯ ಪಿನ್ನುಗಳ ಸಾಲಿನಲ್ಲಿ ನಡುವೆ ಒಂದು ಪಿನ್ನು ಇರುವುದೇ ಇಲ್ಲ, ತಂತಿ ತಲೆಕೆಳಗಾಗಿ ಕೂರಬಾರದೆಂದು ಕಂಪನಿಯವರೇ ಬಿಟ್ಟಿರುತ್ತಾರೆ. ಹೊಸ ಡಿಸ್ಕು ತಂದ ದಿನ ನಾನು ಮುಖ ಸಣ್ಣಗೆ ಮಾಡಿ, "ಒಂದು ಪಿನ್ನು ಉದುರ್ಯಾದಲೇ" ಎಂದೆ. ಯಾರದೋ ಮದುವೆಯ ಫೋಟೋಕ್ಕೆ ಹೋಗಲು ಸೂಟು ಹಾಕಿಕೊಂಡಿದ್ದವನು ಅಯಸ್ಕಾಂತ ಹಿಡಿದು ಸ್ಟುಡಿಯೋದ ನೆಲವನ್ನೆಲ್ಲ ಮೊಣಕಾಲ ಮೇಲೆ ಹುಡುಕಿದ. ಆ ಹೊತ್ತಿಗೆ ಫೋಟೋಕ್ಕೆ ಬಂದ ಗಂಡು ಹೆಣ್ಣು ಸಹ ಹುಡುಕಿದರು. ಇಂಥದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಗೋಣಿಚೀಲವನ್ನು ಸ್ಕೂಟರಿನ ಕಾಲಿನ ಹತ್ತಿರ ಇಟ್ಟುಕೊಂಡು ಇಬ್ಬರೂ ಸೇಡಂಗೆ ಹೊರಟೆವು. ಹಿಂದೆ ಕುಳಿತವನ ಕುತ್ತಿಗೆಯ ತೂತಿನಿಂದ ಬರುವ ಉಸಿರು ನನ್ನ ಬೆನ್ನ ಹಿಂದೆ ಕೇಳುತ್ತಿತ್ತು. ಲಾರಿಗಳು ಎದುರಾದಾಗ ಅವನು ಬಟ್ಟೆಯ ಮೇಲೆ ಕೈ ಒತ್ತಿಕೊಳ್ಳುತ್ತಿದ್ದ.

ಅಂಗಡಿಯಲ್ಲಿ ಮೊದಲು ಸಾಟಾ ಡಿಸ್ಕು. ತಂತಿ ಚುಚ್ಚಿದಳು, ತೆರೆದುಕೊಂಡಿತು. ಎಲ್ಲ ಮದುವೆಗಳೇ. ಆ ಡಿಸ್ಕು ಬರುವ ಹೊತ್ತಿಗೆ ಆಟೋದವರು ತಮ್ಮ ಫೋನಿನಲ್ಲೇ ಕೂಗಿ ರೆಕಾರ್ಡ್ ಮಾಡಿಕೊಳ್ಳುವುದು ಕಲಿತಿದ್ದರು. ದೋಸ್ತ ಕೈಯಾಡಿಸಿ ಐಡಿಇ ಡಿಸ್ಕನ್ನು ತೋರಿಸಿದ. ತನ್ನ ದನಿಯೆಲ್ಲ ಅದರಲ್ಲೇ ಇದೆ ಎಂದು ಎದೆ ಮುಟ್ಟಿಕೊಂಡ. ಐಡಿಇಗೆ ಈಗಲೂ ಅಂಗೈಯಲ್ಲಿ ಹಿಡಿಯುವ ಒಂದು ಪರಿವರ್ತಕ ಸಿಗುತ್ತದೆ, ಒಂದು ಕಡೆ ಹಳೆಯ ಪಿನ್ನು, ಇನ್ನೊಂದು ಕಡೆ ಯುಎಸ್‌ಬಿ. ಆಕೆಯ ಹತ್ತಿರ ಇತ್ತು. ನಾನು ಕುರ್ಚಿ ಎಳೆದುಕೊಂಡು, "ನೋಡವ್ವಾ, ಇನ್ನ ಐದು ಮಿನಿಟಿನ್ಯಾಗ ಇವನ ಬಾಯಿ ಬಂದ್ ಮಾಡೂದು ಹ್ಯಾಂಗಂತ ಚಿಂತಿ ಮಾಡ್ಬೇಕಾಗ್ತದ" ಎಂದೆ.

ಡಿಸ್ಕು ತಿರುಗಿತು. ಟಕ್. ಮತ್ತೆ ಟಕ್. ಆಮೇಲೆ ಗಡಿಯಾರದ ಹಾಗೆ ಟಕ್ ಟಕ್ ಎನ್ನುತ್ತ ನಿಂತುಹೋಯಿತು. ಆ ಸದ್ದನ್ನು ನಾನು ನೌಕರಿಯಲ್ಲಿ ಸಾಕಷ್ಟು ಕೇಳಿದ್ದೇನೆ. ಓದುವ ಸೂಜಿ ಕೆಟ್ಟಾಗ ಬರುವ ಸದ್ದು ಅದು.

ಆಕೆ ಡಿಸ್ಕನ್ನು ಹೊರಳಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ಮೇಲ್ಮೈಯಲ್ಲಿ ಹಳದಿ ಬಿಳಿ ಕೂಡಿದ ಗಟ್ಟಿ ಹೆಪ್ಪು ಇತ್ತು, ಪದರ ಪದರವಾಗಿ, ರೂಪಾಯಿ ಬಿಲ್ಲೆಯಷ್ಟು ದಪ್ಪ.

"ಇದೇನ್ರಿ ಕಾಕಾ?"

ನನಗೆ ತಿಳಿಯಿತು. ನಮ್ಮ ಕಡೆ ಮಹಾನವಮಿಗೆ ಖಂಡೆಪೂಜೆ. ಕುಡಗೋಲಿನಿಂದ ಟ್ರ್ಯಾಕ್ಟರಿನವರೆಗೆ ಕೆಲಸದ ಸಾಮಾನಿಗೆಲ್ಲ ವಿಭೂತಿ ಹಚ್ಚುತ್ತೇವೆ. ಸ್ಟುಡಿಯೋದ ಆಚೀಚೆ ಲಿಂಗಾಯತರ ಅಂಗಡಿಗಳು. ಅವರು ತಟ್ಟೆ ಹಿಡಿದು ಬಂದಾಗ ದೋಸ್ತ ತನ್ನ ಕ್ಯಾಮೆರಾವನ್ನೂ ಮುಂದಿಡುತ್ತಿದ್ದ. ಅಷ್ಟಕ್ಕೇ ಬಿಡುವವನಲ್ಲ. ಕಂಪ್ಯೂಟರಿನ ಡಬ್ಬಿ ಬಿಚ್ಚಿ, ಒಳಗಿನ ಡಿಸ್ಕಿಗೂ ಅವರ ವಿಭೂತಿ ಹಚ್ಚಿ, ಅದರ ಮೇಲೆ ದರ್ಗಾದಿಂದ ತಂದ ಗಂಧವನ್ನೂ ಇಡುತ್ತಿದ್ದ. ವರ್ಷಾ ವರ್ಷಾ, ಅದೇ ಜಾಗಕ್ಕೆ. ಡಿಸ್ಕಿನ ಮುಚ್ಚಳದ ಮೇಲೆ ಒಂದು ಸಣ್ಣ ತೂತು, ಸುತ್ತಲೂ ದುಂಡನೆಯ ಗೆರೆ ಇತ್ತು. "ನೋಡಲೇ, ಕಂಪನ್ಯಾವ್ರೇ ತಿಲಕಕ್ಕ ಜಾಗಾ ಮಾಡಿ ಕಳ್ಸ್ಯಾರ" ಎಂದು ನನಗೇ ಹೆಮ್ಮೆಯಿಂದ ತೋರಿಸಿದ್ದ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಸಣ್ಣಕ್ಷರದಲ್ಲಿ ಏನೋ ಬರೆದಿತ್ತು, ನಾನೂ ಓದಿರಲಿಲ್ಲ. ಮೊದಲನೇ ವರ್ಷದ ಗಂಧ ಆ ಬರಹವನ್ನೂ ಮುಚ್ಚಿತ್ತು.

ಆಕೆ ಉಗುರಿನಿಂದ ಹೆಪ್ಪನ್ನು ಕೆರೆದಳು. ಅಕ್ಷರಗಳು ಕಾಣಿಸಿದವು. ಈ ತೂತನ್ನು ಮುಚ್ಚಬೇಡಿ ಎಂದಿತ್ತು.

"ಡಿಸ್ಕು ಇದರಾಗಿಂದ ಉಸರಾಡ್ತದ ಕಾಕಾ," ಎಂದು ಆಕೆ ದೋಸ್ತನಿಗೆ ಮೆಲ್ಲಗೆ ಹೇಳಿದಳು. "ಬಿಸಿ ಆದಾಗ ಒಳಗಿನ ಗಾಳಿ ಹೊರಗ ಬರ್ಬೇಕು, ಆರಿದಾಗ ಒಳಗ ಹೋಗ್ಬೇಕು. ಇದು ಬಂದ್ ಆಗ್ಯಾದ. ಗಂಧದ ಪುಡಿ ಒಳಗೂ ಹೋಗಿರ್ಬೇಕು. ದೊಡ್ಡ ಊರಿಗಿ ಕಳಸಬಹುದು, ಬಿಚ್ಚಿ ನೋಡ್ತಾರ, ಭಾಳ ರೊಕ್ಕ ಕೇಳ್ತಾರ. ಬರ್ತದಂತ ನಾ ಹೇಳೂದಿಲ್ಲ."

ದೋಸ್ತನ ಕೈ ತಾನಾಗಿ ಮೇಲೆದ್ದು ಕುತ್ತಿಗೆಯ ಬಟ್ಟೆಯ ಮೇಲೆ ಕುಳಿತಿತು.

ತಿರುಗಿ ಬರುವಾಗ ರಸ್ತೆಯ ಬದಿಯ ಒಂದು ಬೇವಿನ ಮರದ ಹತ್ತಿರ ನನ್ನ ಭುಜ ಬಡಿದು ಗಾಡಿ ನಿಲ್ಲಿಸಿದ. ಇಳಿದು ನೆಲದ ಮೇಲೆ ಕುಳಿತ, ಏಳಲಿಲ್ಲ. ನಾನು ನನ್ನ ಎಲ್ಲ ವಿದ್ಯೆಯನ್ನೂ ಖರ್ಚು ಮಾಡಿದೆ. ಮೂಗು ಹಿಡಿದುಕೊಂಡು ಅವನದೇ ಧಾಟಿಯಲ್ಲಿ, "ಬಂಧುಗಳೇ, ಚಿತ್ತಾಪುರದ ಒಬ್ಬ ಮುದುಕ ಬೇವಿನ ಗಿಡದ ಬುಡಕ ಕುಂತು ಕಳದಾನ, ಸಿಕ್ಕವರು ದಯಮಾಡಿ ಅಲ್ಲೇ ಇಟಗೋರಿ" ಎಂದು ಕೂಗಿದೆ. ಹೊಲದಲ್ಲಿದ್ದ ಹೆಣ್ಣುಮಕ್ಕಳು ನಕ್ಕರು. ಅವನ ಹೆಗಲು ಅಲುಗಾಡಿತು. ನಗುತ್ತಿದ್ದಾನೆಂದು ಹತ್ತಿರ ಹೋದೆ. ಅಳುತ್ತಿದ್ದ. ಸದ್ದಿಲ್ಲದೆ ಅಳುವುದು ಎಷ್ಟು ಕೆಟ್ಟದ್ದೆಂದು ನನಗೆ ಅಂದು ಗೊತ್ತಾಯಿತು. ಅಳುವಿನ ದನಿಯನ್ನೂ ಆಸ್ಪತ್ರೆಯವರು ಕೊಯ್ದು ತೆಗೆದಿದ್ದರು.

ಉಳಿದದ್ದು ಮೂರನೆಯದು, ಸ್ಕಜಿ. ಕಾರ್ಖಾನೆಯವರು ಹಳೆಯ ಯಂತ್ರಗಳನ್ನು ಗುಜರಿಗೆ ಹಾಕಿದಾಗ ನಾನೇ ಹೇಳಿ ತರಿಸಿ ಅವನ ಕಂಪ್ಯೂಟರಿಗೆ ಕೂರಿಸಿದ್ದೆ. ಒಂದು ಮಳೆಗಾಲ ಮಾತ್ರ ಇಟ್ಟುಕೊಂಡ. "ನಿನ್ನ ನವಾಬ ಸೀಟಿ ಹೊಡೀತಾನಲೇ, ಮೈಕಿನ್ಯಾಗ ಬರ್ತದ" ಎಂದು ಕಿತ್ತಿಟ್ಟ. ಅದರಲ್ಲಿ ಒಂದಷ್ಟು ದನಿ ಉಳಿದಿರಬಹುದು. ಆದರೆ ಕೇಳಿಸಿಕೊಳ್ಳುವ ಕಿವಿ ಎಲ್ಲಿದೆ? ಐಡಿಇಗೆ ಪರಿವರ್ತಕವಿದೆ, ಸಾಟಾಕ್ಕೆ ಅದೂ ಬೇಡ. ನನ್ನ ರಾಜ ಪದ್ಧತಿಗೆ ಈ ಸೀಮೆಯಲ್ಲಿ ಒಂದು ಕಾರ್ಡೂ ಇಲ್ಲ. ಇದ್ದರೂ ಅದನ್ನು ಕೂರಿಸುವ ಜಾಗ ಇಂದಿನ ಕಂಪ್ಯೂಟರುಗಳಲ್ಲಿಲ್ಲ. ಕಲಬುರಗಿಯ ಅಂಗಡಿಗಳನ್ನೆಲ್ಲ ಸುತ್ತಿದೆ. ಒಬ್ಬ ಡಿಸ್ಕನ್ನು ಕೈಯಲ್ಲಿ ತೂಗಿ, "ಇದು ಹಾರ್ಡ್ ಡಿಸ್ಕಾ ಕಾಕಾ? ನಾ ಟ್ರ್ಯಾಕ್ಟರ್ ಸಾಮಾನಂತ ತಿಳ್ದಿದ್ದೆ" ಎಂದ. ನನ್ನ ಹಳೆಯ ಕಾರ್ಖಾನೆಯ ಗೇಟಿಗೆ ಹೋದೆ. ನನ್ನನ್ನು ಬಲ್ಲವರು ಯಾರೂ ಉಳಿದಿರಲಿಲ್ಲ. ಚಿಂಚೋಳಿಯ ಒಂದು ಗುಜರಿ ಅಂಗಡಿಯಲ್ಲಿ ಬಿಸಿಲಿನಲ್ಲಿ ಕೂತು ಕಂಪ್ಯೂಟರಿನೊಳಗಿನ ಹಸಿರು ಹಲಗೆಗಳ ರಾಶಿಯನ್ನು ಒಂದೊಂದಾಗಿ ಹೊರಳಿಸಿದೆ. ಅಷ್ಟರಲ್ಲಿ ಭಾಭಿಯ ಫೋನು.

"ಇವತ್ತೂ ರೊಟ್ಟಿ ಮುಟ್ಟಿಲ್ಲ ಭೈಯಾ. ಸಿಗ್ತದಂತ ಅವರಿಗಿ ಹೇಳ್ಲೇನು?"

"ಹೇಳ್ರಿ. ನಾ ಇದ್ದೀನಲ್ಲ," ಎಂದೆ. ನನ್ನ ಇಡೀ ಬದುಕಿನ ಬಡಾಯಿಗಳಲ್ಲಿ ಅಷ್ಟು ಹೆದರಿಕೊಂಡು ಹೇಳಿದ್ದು ಅದೊಂದೇ.

ಹೊಳೆದದ್ದು ತಿರುಗಿ ಬರುವ ಬಸ್ಸಿನಲ್ಲಿ. ಹಿಂದೆ ಪ್ರಿಂಟಿಂಗ್ ಪ್ರೆಸ್ಸಿನವರು ಲಗ್ನಪತ್ರಿಕೆಯ ಚಿತ್ರಗಳಿಗೆ ದೊಡ್ಡ ಸ್ಕ್ಯಾನರು ಇಡುತ್ತಿದ್ದರು. ಆ ಕಾಲದ ಸ್ಕ್ಯಾನರುಗಳು ಮಾತಾಡುತ್ತಿದ್ದದ್ದು ಸ್ಕಜಿಯಲ್ಲೇ. ಶಹಾಬಾದಿನಲ್ಲಿ ನನಗೆ ಗೊತ್ತಿದ್ದ ಒಬ್ಬ ಪ್ರೆಸ್ಸಿನ ಮಾಲಕರು ಏನನ್ನೂ ಬಿಸಾಕದ ಮನುಷ್ಯ. ಮರುದಿನವೇ ದೋಸ್ತನನ್ನು ಕೂರಿಸಿಕೊಂಡು ಕಾಗಿಣಾ ಸೇತುವೆ ದಾಟಿದೆ.

"ಸ್ಕ್ಯಾನರಿನ ಕಂಪ್ಯೂಟರ್ ಅದ ನೋಡ್ರಿ, ಫರಸಿ ಕೆಳಗ ಅದ," ಎಂದರು ಮಾಲಕರು. "ಅದರ ಮ್ಯಾಲ ಕಾಗದ ಒಟ್ಟೀವಿ. ಚಾಲೂ ಆಗ್ತದಿಲ್ಲೋ ದೇವರಿಗೇ ಗೊತ್ತು. ಕುಂದ್ರಿ, ಚಹಾ ತರಸ್ತೀನಿ."

ಕಾಗದದ ರಾಶಿ ಸರಿಸಿ ಹಳೆಯ ಕಂಪ್ಯೂಟರನ್ನು ಹೊರಗೆಳೆದು ಬಿಚ್ಚಿದೆವು. ಒಳಗೆ ಸ್ಕ್ಯಾನರಿನ ಕಾರ್ಡು ಇತ್ತು. ನಮ್ಮ ಡಿಸ್ಕಿನ ಪಿನ್ನಿಗೆ ಹೊಂದುವ ಬಾಯಿಯೂ ಇತ್ತು. ಜೋಡಿಸಿ ಚಾಲೂ ಮಾಡಿದೆ. ಕಾರ್ಡು ಡಿಸ್ಕನ್ನು ಒಮ್ಮೆ ಗುರುತು ಹಿಡಿಯಿತು, ಮರುಗಳಿಗೆ ಇಲ್ಲವೆಂದಿತು. ಮತ್ತೆ ಮಾಡಿದೆ, ಹಾಗೇ ಆಯಿತು. ತಂತಿಯ ಕೊನೆ ಬಂದ್ ಆಗಿಲ್ಲ. ಅದಕ್ಕೆ ಡಿಸ್ಕಿನ ಮೇಲೆಯೇ ಎರಡು ಪಿನ್ನುಗಳಿವೆ, ಅವಕ್ಕೆ ಟೊಪ್ಪಿಗೆ ಬೇಕು. ಅದು ಎಲ್ಲೋ ಉದುರಿ ಹೋಗಿತ್ತು. ಪ್ರೆಸ್ಸಿನಲ್ಲಿ ಇರಲಿಲ್ಲ. ನಾನು ತಲೆಗೆ ಕೈ ಹಚ್ಚಿ ಕುಳಿತೆ. ದೋಸ್ತ ಗೋಣಿಚೀಲಕ್ಕೆ ಕೈ ಹಾಕಿದ. ಗಂಧ ಮೆತ್ತಿದ ಸತ್ತ ಐಡಿಇಯನ್ನು ತೆಗೆದು, ಅದರ ಯಜಮಾನನ ಟೊಪ್ಪಿಗೆಯನ್ನು ಉಗುರಿನಿಂದ ಕಿತ್ತು ನನ್ನ ಅಂಗೈಯಲ್ಲಿಟ್ಟ. ತೊಡಿಸಿದೆ. ಕೂತಿತು.

ಸೀಟಿ ಹೊಡೆಯುತ್ತ ಡಿಸ್ಕು ತಿರುಗಿತು, ತೆರೆದುಕೊಂಡಿತು. ಆ ಕಂಪ್ಯೂಟರಿಗೆ ಇಂದಿನ ಪೆನ್‌ಡ್ರೈವ್ ಏನೆಂದೇ ತಿಳಿಯದು, ಹಾಗಾಗಿ ನಕಲು ಮಾಡಿಕೊಳ್ಳಲು ದಾರಿಯಿಲ್ಲ. ಮಾಲಕರು ಮಷಿನು ನಿಲ್ಲಿಸಿ, ಫ್ಯಾನು ಬಂದ್ ಮಾಡಿ, ಬಾಗಿಲು ಎಳೆದರು. ನಾನು ಸ್ಪೀಕರಿನ ಮುಂದೆ ಫೋನು ಹಿಡಿದು ರೆಕಾರ್ಡ್ ಒತ್ತಿದೆ.

"ಬಂಧುಗಳೇ, ಚಂದ್ರಂಪಳ್ಳಿ ಡ್ಯಾಮಿನ ಗೇಟು ತೆಗೀಲಿಕತ್ತಾರ. ಹಳ್ಳದ ದಂಡಿಗಿ ದನ ಬಿಡಬ್ಯಾಡ್ರಿ, ಅರಿವಿ ಒಗೀಲಿಕ್ಕ ಇಳೀಬ್ಯಾಡ್ರಿ, ಮಕ್ಕಳಿಗಿ ಮನ್ಯಾಗ ಕುಂದರಸ್ರಿ. ಚಿಮ್ಮನಚೋಡ ಕಡಿ ಹೋಗೋ ಮಂದಿ ದಾರಿ ನೋಡ್ಕೊಂಡು ಹೋಗ್ರಿ."

ಅವನ ದನಿ. ತುಂಬಿದ, ದುಂಡಗಿನ, ಬೆನ್ನ ಹಿಂದೆ ಸೀಟಿ ಸೇರಿಕೊಂಡ ದನಿ. ದೋಸ್ತ ಸ್ಪೀಕರಿಗೆ ಮುಖ ಹತ್ತಿರ ತಂದು ಕುಳಿತಿದ್ದ. ತುಟಿಗಳು ಆ ಮಾತುಗಳನ್ನು ಒಂದನ್ನೂ ಬಿಡದೆ ಜೊತೆಗೇ ಆಡುತ್ತಿದ್ದವು. ಸೀರೆ ಸೇಲು ಬಂತು, ಸರ್ಕಸ್ಸು ಬಂತು. ಕಳೆದುಹೋದ ಒಂದು ಎಮ್ಮೆಯ ಪ್ರಚಾರದ ನಡುವೆ ಸೀಟಿ ಏರಿ, ಏನೋ ಕೆರೆದ ಸದ್ದಾಗಿ, ಡಿಸ್ಕು ನಿಂತಿತು. ಎಷ್ಟು ಒತ್ತಿದರೂ ಮತ್ತೆ ಏಳಲಿಲ್ಲ. ಫೋನಿನಲ್ಲಿ ಸಿಕ್ಕಷ್ಟು ಸಿಕ್ಕಿತ್ತು.

ಸೇಡಂನ ಹೆಣ್ಣುಮಗಳು ಅದರಿಂದ ಸೀಟಿಯನ್ನು ತಕ್ಕಮಟ್ಟಿಗೆ ಸೋಸಿ ಫೋನಿಗೆ ದನಿ ಕಲಿಸಿಕೊಟ್ಟಳು. ಚಿತ್ತಾಪುರದ ಮನೆಯಲ್ಲಿ ಭಾಭಿಯನ್ನು ಕೂರಿಸಿ, ನಾನು ಕೈ ಕಟ್ಟಿ ಹೆಮ್ಮೆಯಿಂದ ನಿಂತೆ. ದೋಸ್ತ ಬಹಳ ಹೊತ್ತು ಟೈಪ್ ಮಾಡಿದ, ಅಳಿಸಿದ, ಮತ್ತೆ ಮಾಡಿ ಒತ್ತಿದ.

"ನೀ ಉಂಡೀ ಏನು? ನನ್ನ ಸಲುವಾಗಿ ಭಾಳ ಸೊರಗೀದಿ," ಎಂದಿತು ಫೋನು. ಮಾತು ಗೋಡೆಗೆ ಬಡಿಯಿತು. ಡ್ಯಾಮಿನ ಗೇಟು ತೆಗೆಯುವಾಗಿನ ದನಿ ಅದು, ಸುತ್ತ ಹಳ್ಳಿಗಳಿಗೆ ಕೇಳುವ ಹಾಗೆ.

ಭಾಭಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವನಿಗಲ್ಲ, ನನಗೆ ಹೇಳಿದರು.

"ದನಿ ಅವರದೇ ಭೈಯಾ, ಸುಳ್ಳಲ್ಲ. ಆದ್ರ ಇದು ಬಜಾರದಾಗಿನ ದನಿ. ಮನ್ಯಾಗ ಇವರು ಹಿಂಗ ಮಾತಾಡ್ತಿದ್ದಿಲ್ಲ. ಭಾಳ ಸಣ್ಣ ದನಿ ಇತ್ತು. ನಾ ಮಗ್ಗಲಿಗೇ ಇದ್ರೂ 'ಆಂ?' ಅಂತ ಕೇಳ್ತಿದ್ದೆ."

ಆ ಸಣ್ಣ ದನಿ ಯಾವ ಡಿಸ್ಕಿನಲ್ಲೂ ಇಲ್ಲ. ಅದನ್ನು ಹಿಡಿಯಬೇಕೆಂದು ಅವನಿಗೂ ಅನ್ನಿಸಿರಲಿಲ್ಲ, ಆಕೆಗೂ ಅನ್ನಿಸಿರಲಿಲ್ಲ. ದೋಸ್ತ ಆಕೆಯ ಮುಖ ನೋಡಿದ. ಫೋನಿನ ದನಿಯನ್ನು ಒಂದೊಂದೇ ಗೆರೆ ಕೆಳಗಿಳಿಸಿದ, ಕೊನೆಯ ಗೆರೆಯವರೆಗೆ. ಮತ್ತೆ ಒತ್ತಿದ. ಸಣ್ಣಗಾಯಿತು, ಆದರೆ ದೂರದ ಆಟೋದಿಂದ ಬಂದ ಹಾಗೆ ಕೇಳಿಸಿತು. ಭಾಭಿ ತಲೆಯಾಡಿಸಿ, ಬೇಡವೆಂದು ಅವನ ಕೈ ಮೇಲೆ ಕೈಯಿಟ್ಟರು.

ಈಗ ನಾನು ಹೋದಾಗಲೆಲ್ಲ ಅವನು ಫೋನು ತೆಗೆಯುತ್ತಾನೆ. ನನ್ನ ಜೊತೆ ಅವನು ಮೊದಲಿನಿಂದಲೂ ಬಜಾರದ ದನಿಯಲ್ಲೇ ಜಗಳವಾಡಿದವನು, ಹಾಗಾಗಿ ನನಗೆ ಕೊರತೆಯಿಲ್ಲ. ಹೋದ ವಾರ ನಾನು ಸ್ಕಜಿಯೇ ಕೊನೆಗೆ ಕೈ ಹಿಡಿಯಿತೆಂದು ಹೇಳಿದ್ದಕ್ಕೆ, "ಟೊಪಿಗಿ ಯಾರದಿತ್ತಲೇ ಸುಳ್ಳಾ?" ಎಂದು ಓಣಿಯೆಲ್ಲ ಕೇಳುವಂತೆ ಫೋನಿನಿಂದ ಬೈಸಿದ. ಅಷ್ಟರಲ್ಲಿ ಭಾಭಿ ಚಹಾ ತಂದರು. ಅವನು ಫೋನನ್ನು ಬೋರಲು ಹಾಕಿ, ಆಕೆ ಕಪ್ಪು ಬಸಿಯನ್ನು ಕೆಳಗಿಡುವ ತನಕ ಆಕೆಯ ಮುಖವನ್ನೇ ನೋಡುತ್ತಿದ್ದ. "ಆಂ?" ಎಂದರು ಭಾಭಿ, ಬಗ್ಗಿ, ಕಿವಿಯನ್ನು ಅವನ ತುಟಿಯ ಹತ್ತಿರ ಒಯ್ದು. ತುಟಿ ಅಲುಗಾಡಿತು. ನಾನು ಬೀದಿಯ ಕಡೆ ಮುಖ ತಿರುಗಿಸಿ ಚಹಾ ಕುಡಿದೆ.